ಗಲ್ಲೆಯಲ್ಲಿ ಕೂತವನು ಮತ್ತು ಕಾನೂನು ಬರೆದವನು

ಪೂರ್ವ ಆಫ್ರಿಕಾದ ಸ್ವಾಹಿಲಿ ಭಾಷೆಯಲ್ಲಿ ಅಂಗಡಿಗೆ ‘ದುಕಾ’ ಅನ್ನುತ್ತಾರೆ. ನಮ್ಮ ಉತ್ತರ ಕರ್ನಾಟಕದ ಕಡೆ ‘ದುಕಾನ’ ಅನ್ನುತ್ತಾರಲ್ಲ, ಅದರದೇ ಬಳಗದ ಪದ. ಬ್ರಿಟಿಷರ ಕಾಲದಲ್ಲಿ ಕೀನ್ಯಾ, ಉಗಾಂಡಾಗಳಲ್ಲಿ ಅಂಗಡಿ ಇಟ್ಟ ಭಾರತೀಯನಿಗೆ ‘ದುಕಾವಾಲಾ’ ಎಂಬ ಹೆಸರೇ ಬಿತ್ತು. ಅವನ ಬಗ್ಗೆ ಎರಡು ಕಥೆಗಳು ಚಾಲ್ತಿಯಲ್ಲಿವೆ. ಬರಿಗೈಲಿ ಹೋಗಿ ಕಾಡಿನ ನಡುವೆ ಅಂಗಡಿ ತೆರೆದು ಕೋಟ್ಯಧೀಶನಾದ ಸಾಹಸಿ ಎಂಬುದು ಒಂದು. ಬಡ ಆಫ್ರಿಕನ್ನರ ರಕ್ತ ಹೀರಿದ ವ್ಯಾಪಾರಿ ಎಂಬುದು ಇನ್ನೊಂದು. ನನ್ನ ತಕರಾರು ಎರಡರ ಮೇಲೂ ಇದೆ. ಎರಡೂ ಕಥೆಗಳು ಗಲ್ಲೆಯಲ್ಲಿ ಕೂತವನನ್ನೇ ನೋಡುತ್ತವೆ, ಆ ಅಂಗಡಿ ಯಾರ ಕಾನೂನಿನ ಅಡಿಯಲ್ಲಿ ನಡೆಯಿತು ಅಂತ ಕೇಳುವುದಿಲ್ಲ.

ಮೊದಲು ಒಬ್ಬನ ಬದುಕನ್ನು ನೋಡೋಣ. ಅಲಿದಿನಾ ವಿಶ್ರಾಂ 1851ರಲ್ಲಿ ಕಛ್‌ನಲ್ಲಿ ಹುಟ್ಟಿದ ಖೋಜಾ ಇಸ್ಮಾಯಿಲಿ ಹುಡುಗ. ಹನ್ನೆರಡರ ವಯಸ್ಸಿಗೇ ಆಫ್ರಿಕಾ ಕರಾವಳಿಗೆ ಹೋದ. ಆಗ ಕಛ್‌ನಿಂದ ಹಾಯಿಹಡಗುಗಳು ಚಳಿಗಾಲದ ಈಶಾನ್ಯ ಮಾರುತ ಹಿಡಿದು ಹೋಗಿ, ನೈಋತ್ಯ ಮಾರುತ ಹಿಡಿದು ವಾಪಸಾಗುತ್ತಿದ್ದವು. ಬಾಗಾಮೊಯೊ ಎಂಬ ಬಂದರಿನಲ್ಲಿ ಸೇವಾ ಹಾಜಿ ಪಾರೂ ಎಂಬ ದೊಡ್ಡ ವರ್ತಕನ ಬಳಿ ಅಲಿದಿನಾ ವ್ಯಾಪಾರ ಕಲಿತ. ಬಟ್ಟೆ, ಮಣಿ, ತಂತಿಗಳನ್ನು ಹಮಾಲರ ತಲೆಯ ಮೇಲೆ ಒಳನಾಡಿಗೆ ಕಳಿಸುವುದು, ಅಲ್ಲಿಂದ ಆನೆದಂತ ತರಿಸುವುದು ಅಂದಿನ ದಂಧೆ.

1896ರಲ್ಲಿ ಬ್ರಿಟಿಷರು ಮೊಂಬಾಸಾದಿಂದ ರೈಲುಹಳಿ ಹಾಕಲು ಶುರುಮಾಡಿದರು. ಇದಕ್ಕೆ ಭಾರತದಿಂದ, ಅದರಲ್ಲೂ ಹೆಚ್ಚಾಗಿ ಪಂಜಾಬಿನಿಂದ, ಸುಮಾರು 32,000 ಕೂಲಿಗಳನ್ನು ಕರೆಸಿಕೊಂಡರು. ಅವರಲ್ಲಿ ಸುಮಾರು 2,500 ಜನ ಅಲ್ಲೇ ಸತ್ತರು. 1901ರಲ್ಲಿ ಹಳಿ ವಿಕ್ಟೋರಿಯಾ ಸರೋವರ ಮುಟ್ಟಿತು. ಅಲಿದಿನಾ ಅಂಗಡಿಗಳೂ ಹಳಿಯ ಜೊತೆಗೇ ಬೆಳೆದವು. ಕಿಸುಮು, ಜಿಂಜಾ, ಎಂಟೆಬ್ಬೆ, ಕಂಪಾಲಾ ಎಲ್ಲ ಕಡೆ ಅವನ ಶಾಖೆಗಳಿದ್ದವು. ಬ್ಯಾಂಕುಗಳಿಲ್ಲದ ಊರುಗಳಲ್ಲಿ ಅವನ ಅಂಗಡಿಯೇ ಬ್ಯಾಂಕು. ‘ಕಿರೀಟವಿಲ್ಲದ ಉಗಾಂಡಾದ ರಾಜ’ ಅಂತ ಕರೆಸಿಕೊಂಡ. 1916ರಲ್ಲಿ ತೀರಿಕೊಂಡ. ಮೊಂಬಾಸಾದಲ್ಲಿ ಅವನ ಹೆಸರಿನ ಹೈಸ್ಕೂಲು ಇಂದಿಗೂ ಇದೆ.

ಇಷ್ಟಕ್ಕೇ ನಿಲ್ಲಿಸಿದರೆ ಇದೊಂದು ಯಶೋಗಾಥೆ. ಆದರೆ ಆ ಅಂಗಡಿಗಳಿಗೆ ಗಿರಾಕಿಗಳು ಎಲ್ಲಿಂದ ಬಂದರು?

1900ರಲ್ಲಿ ಬ್ರಿಟಿಷರು ಬುಗಾಂಡಾ ರಾಜ್ಯದ ಜೊತೆ ಒಪ್ಪಂದ ಮಾಡಿಕೊಂಡರು. ಅದರ ಪ್ರಕಾರ ಪ್ರತಿ ಗುಡಿಸಲಿಗೆ ವರ್ಷಕ್ಕೆ 3 ರೂಪಾಯಿ ತೆರಿಗೆ. ಹೌದು, ರೂಪಾಯಿಯೇ, 1920ರವರೆಗೆ ಅಲ್ಲೆಲ್ಲ ಓಡುತ್ತಿದ್ದದ್ದು ಭಾರತದ ನಾಣ್ಯ. ಬಾಳೆ ಬೆಳೆದು ತಿಂದು ಬದುಕುತ್ತಿದ್ದ ರೈತನ ಹತ್ತಿರ ರೂಪಾಯಿ ಎಲ್ಲಿಂದ ಬರಬೇಕು? ಹತ್ತಿ ಬೆಳೆಯಬೇಕು, ಚರ್ಮ ಮಾರಬೇಕು, ಇಲ್ಲವೇ ಕೂಲಿಗೆ ಹೋಗಬೇಕು. ಹತ್ತಿ, ಚರ್ಮ ಕೊಂಡು ರೂಪಾಯಿ ಕೊಡುವವನು ಹತ್ತಿರದ ದುಕಾವಾಲಾ. ಆ ರೂಪಾಯಿಯಲ್ಲಿ ತೆರಿಗೆ ಕಟ್ಟಿ ಮಿಕ್ಕದ್ದರಲ್ಲಿ ಉಪ್ಪು, ಸಕ್ಕರೆ, ಬಟ್ಟೆ ಮಾರುವವನೂ ಅವನೇ. ತೆರಿಗೆ ಹಾಕಿದ ಅಧಿಕಾರಿ ದೂರದ ಬಂಗಲೆಯಲ್ಲಿದ್ದ. ತಕ್ಕಡಿ ಹಿಡಿದವನು ಕಣ್ಣೆದುರಿಗೇ ಇದ್ದ.

ದುಕಾವಾಲಾ ಸಾಚಾ ಎಂದು ನಾನು ಹೇಳುತ್ತಿಲ್ಲ. ತೂಕದಲ್ಲಿ ಮೋಸ, ಹತ್ತಿಗೆ ಕಡಿಮೆ ದರ, ಕೆಲಸದಾಳಿಗೆ ಚಿಲ್ಲರೆ ಕೂಲಿ, ಆಫ್ರಿಕನ್ನರನ್ನು ಮನೆಯೊಳಗೆ ಸೇರಿಸದ ಜಾತಿಬುದ್ಧಿ, ಇವೆಲ್ಲ ಇದ್ದವು. ಹಾಗೆಯೇ ಅವನಿಗೂ ಒಬ್ಬ ಸಾಲ ಕೊಟ್ಟವನಿದ್ದ. ಪೇಟೆಯ ಸಗಟು ವರ್ತಕ ಉದ್ರಿ ಕೊಟ್ಟರೆ ಇವನ ಅಂಗಡಿ, ಸಗಟು ವರ್ತಕನಿಗೆ ಬಂದರಿನ ಕಂಪನಿ ಉದ್ರಿ ಕೊಟ್ಟರೆ ಅವನ ಅಂಗಡಿ. ಊರಿಂದ ಕರೆಸಿಕೊಂಡ ತಮ್ಮನೋ ಅಳಿಯನೋ ನಾಲ್ಕು ವರ್ಷ ಹಿಂದಿನ ಕೋಣೆಯಲ್ಲಿ ಮಲಗಿ ದುಡಿದ ಮೇಲೆ, ಅವನಿಗೊಂದಿಷ್ಟು ಸರಕು ಉದ್ರಿ ಕೊಟ್ಟು ಮುಂದಿನ ಊರಿಗೆ ಕಳಿಸುತ್ತಿದ್ದರು. ಹೆಂಡತಿ ಅಡುಗೆ ಮಾಡಿ, ಮಕ್ಕಳನ್ನು ನೋಡಿಕೊಂಡು, ಅಂಗಡಿಯಲ್ಲೂ ನಿಲ್ಲುತ್ತಿದ್ದಳು. ಅವಳ ದುಡಿಮೆ ಯಾವ ಲೆಕ್ಕದ ಪುಸ್ತಕಕ್ಕೂ ಏರಲಿಲ್ಲ.

ಈಗ ಕಾನೂನಿನ ಕಡೆ ನೋಡಿ. ಕೀನ್ಯಾದ ಎತ್ತರದ ಫಲವತ್ತಾದ ಜಮೀನುಗಳನ್ನು ಬ್ರಿಟಿಷರು ಬಿಳಿಯರಿಗೆ ಮೀಸಲಿಟ್ಟರು. ಅಲ್ಲಿ ಭಾರತೀಯನಿಗೆ ಹೊಲ ಸಿಗುವಂತಿರಲಿಲ್ಲ, ಹಾಗಾಗಿ ಅಂಗಡಿಯೇ ಗತಿ. ಇನ್ನೊಂದು ಕಡೆ, ಆಫ್ರಿಕನ್ನನಿಗೆ ದೊಡ್ಡ ಮೊತ್ತದ ಉದ್ರಿ ಕೊಟ್ಟರೆ ಕೋರ್ಟಿನಲ್ಲಿ ವಸೂಲಿ ಮಾಡಲು ಬಾರದಂಥ ಕಾನೂನು ತಂದರು. ಸಾಲದ ಶೂಲದಿಂದ ಅವರನ್ನು ಕಾಪಾಡಲು ಅಂತ ಸರ್ಕಾರದ ಸಮಜಾಯಿಷಿ. ಆದರೆ ಉದ್ರಿ ಸಿಗದೆ ಅಂಗಡಿ ಇಡುವುದು ಹೇಗೆ? ಕಚ್ಛಿ ಹುಡುಗ ಮೇಲೆ ಬಂದ ಏಣಿಯನ್ನೇ ಆಫ್ರಿಕನ್ ಹುಡುಗನಿಂದ ಕಿತ್ತುಕೊಂಡ ಹಾಗಾಯಿತು. ಮೇಲೆ ಬಿಳಿಯ, ನಡುವೆ ಭಾರತೀಯ, ಕೆಳಗೆ ಆಫ್ರಿಕನ್ ಎಂಬ ಮೂರು ಮೆಟ್ಟಿಲು ತಾನಾಗಿ ಹುಟ್ಟಿದ್ದಲ್ಲ, ಕಟ್ಟಿದ್ದು.

ಪತ್ರಿಕೋದ್ಯಮ ಓದಿದ ನಮಗೆ ಇಲ್ಲೊಂದು ವಿಷಯ ಗೊತ್ತಿರಬೇಕು. ಕರಾಚಿಯಿಂದ ಹೋದ ಎ. ಎಂ. ಜೀವನ್‌ಜಿ ಎಂಬ ಇನ್ನೊಬ್ಬ ವರ್ತಕ, ರೈಲ್ವೆಗೆ ಕೂಲಿಗಳನ್ನು ಒದಗಿಸಿದ ಗುತ್ತಿಗೆದಾರ, ಮೊಂಬಾಸಾದಲ್ಲಿ ‘ಆಫ್ರಿಕನ್ ಸ್ಟ್ಯಾಂಡರ್ಡ್’ ಪತ್ರಿಕೆ ಶುರುಮಾಡಿದ. 1905ರಲ್ಲಿ ಅದನ್ನು ಇಬ್ಬರು ಬ್ರಿಟಿಷರಿಗೆ ಮಾರಿದ. ಅದೇ ಪತ್ರಿಕೆ ಮುಂದೆ ಬಿಳಿ ಜಮೀನುದಾರರ ದನಿಯಾಯಿತು. ಭಾರತೀಯರಿಗೆ ಸಮಾನ ಹಕ್ಕು ಬೇಕು ಅಂತ ಜೀವನ್‌ಜಿ ಹೋರಾಡಿದ್ದು ನಿಜ. ಆದರೆ ಆ ಹೋರಾಟ ಬಹುಪಾಲು ನಡುವಿನ ಮೆಟ್ಟಿಲಿನವರನ್ನು ಮೇಲಿನ ಮೆಟ್ಟಿಲಿಗೆ ಏರಿಸಿ ಅಂತ ಕೇಳಿತು. ಮೆಟ್ಟಿಲನ್ನೇ ಒಡೆಯಿರಿ ಅಂತ ಕೇಳಿದವರು ಆಗ ಕಡಿಮೆ.

ಇದರ ಲೆಕ್ಕ ಚುಕ್ತಾ ಮಾಡಿದ್ದು ಮೊಮ್ಮಕ್ಕಳು. 1949ರಲ್ಲಿ ಬುಗಾಂಡಾದ ರೈತರು ದಂಗೆ ಎದ್ದಾಗ ಅವರ ಬೇಡಿಕೆಗಳಲ್ಲೊಂದು, ಹತ್ತಿ ಅರೆಯುವ ಹಕ್ಕು ತಮಗೂ ಬೇಕು ಎಂಬುದು. ಹತ್ತಿ ಗಿರಣಿಗಳು ಹೆಚ್ಚಾಗಿ ಭಾರತೀಯರ ಕೈಯಲ್ಲಿದ್ದವು. ಆದರೆ ವಿಶ್ವ ಮಾರುಕಟ್ಟೆಯ ದರದಲ್ಲಿ ದೊಡ್ಡ ಪಾಲನ್ನು ರೈತನಿಗೆ ಕೊಡದೆ ಹಿಡಿದಿಟ್ಟುಕೊಂಡಿದ್ದು ಸರ್ಕಾರವೇ. 1959ರಲ್ಲಿ ಅಂಗಡಿಗಳಿಗೆ ಬಹಿಷ್ಕಾರ ಬಿತ್ತು. 1972ರ ಆಗಸ್ಟ್‌ನಲ್ಲಿ ಇದಿ ಅಮೀನ್, ಏಷ್ಯನ್ನರು 90 ದಿನದೊಳಗೆ ದೇಶ ಬಿಡಬೇಕು ಅಂತ ಆಜ್ಞೆ ಹೊರಡಿಸಿದ. ಅಲ್ಲೇ ಹುಟ್ಟಿ ಬೆಳೆದವರು ಕೈಚೀಲ ಹಿಡಿದು ವಿಮಾನ ಹತ್ತಿದರು. ಬ್ರಿಟನ್ನಿಗೇ ಸುಮಾರು 27,000 ಜನ ಹೋದರು. ಅಂಗಡಿಗಳು ಸೈನಿಕರ, ಅವರ ಆಪ್ತರ ಪಾಲಾದವು. ಸ್ವಲ್ಪ ಕಾಲದಲ್ಲೇ ಉಪ್ಪು, ಸಕ್ಕರೆ, ಸಾಬೂನು ಸಿಗದಾಯಿತು. ಹತ್ತಿ ಬೆಳೆದ ರೈತನಿಗೆ ಮಾತ್ರ ಏನೂ ದಕ್ಕಲಿಲ್ಲ.

ಸಿಟ್ಟಿಗೆ ಕಾರಣವಿತ್ತು, ವಿಳಾಸ ಅರ್ಧ ಮಾತ್ರ ಸರಿಯಿತ್ತು. ಸಿಟ್ಟು ಹತ್ತಿರದ ಗಲ್ಲೆಗೆ ಬಡಿಯುವುದು ಆಫ್ರಿಕಾದಲ್ಲಷ್ಟೇ ನಡೆದದ್ದಲ್ಲ. 1960ರ ದಶಕದ ಕೊನೆಯಲ್ಲಿ ಮುಂಬೈಯಲ್ಲಿ ಶಿವಸೇನೆಯವರು ಉಡುಪಿ ಹೋಟೆಲುಗಳ ಮೇಲೆ ಕಲ್ಲೆಸೆದರು. ಆಗ ಕರಾವಳಿಯ ಮನೆಗಳಲ್ಲಿ ಅನ್ಯಾಯ ಅನ್ನಿಸಿತು. ಇಂದು ನಮ್ಮ ಪೇಟೆಗಳಲ್ಲಿ ಹೊರ ರಾಜ್ಯದವರ ಅಂಗಡಿಯ ವಿಷಯ ಬಂದಾಗ ನಾವೇ ಬೇರೆ ಭಾಷೆ ಮಾತಾಡುತ್ತೇವೆ. ಊರಿನವನಿಗೆ ಸಾಲ ಯಾಕೆ ಸಿಗುತ್ತಿಲ್ಲ, ಮಳಿಗೆ ಹರಾಜು ಹೇಗೆ ನಡೆಯುತ್ತಿದೆ, ಎಪಿಎಂಸಿಯಲ್ಲಿ ದರ ಕಟ್ಟುವವರು ಯಾರು ಎಂಬ ಪ್ರಶ್ನೆಗಳು ಅಷ್ಟು ಬೇಗ ಸುದ್ದಿಯಾಗುವುದಿಲ್ಲ. ಅಂಗಡಿಯವನ ಊರು, ಜಾತಿ, ಭಾಷೆ ಬೇಗ ಸುದ್ದಿಯಾಗುತ್ತದೆ.

ಹಾಗಾದರೆ ಅಲಿದಿನಾನಂಥವನ ಬದುಕನ್ನು ಬರೆಯುವುದು ಹೇಗೆ? ಅವನ ಧೈರ್ಯವನ್ನು ಬರೆಯಬೇಕು. ಹನ್ನೆರಡು ವರ್ಷದ ಹುಡುಗ ಸಮುದ್ರ ದಾಟುವುದು ಸಣ್ಣ ಮಾತಲ್ಲ. ಅವನ ತಕ್ಕಡಿಯನ್ನೂ ಬರೆಯಬೇಕು. ತಲೆಯ ಮೇಲೆ ಮೂಟೆ ಹೊತ್ತು ನೂರಾರು ಮೈಲಿ ನಡೆದ ಹಮಾಲರನ್ನು, ಹೆಸರಿಲ್ಲದ ಹೆಂಡತಿಯರನ್ನು ಬರೆಯಬೇಕು. ಎಲ್ಲಕ್ಕಿಂತ ಮೊದಲು ಆ 3 ರೂಪಾಯಿ ತೆರಿಗೆಯನ್ನು ಬರೆಯಬೇಕು. ಅದಿಲ್ಲದೆ ರೈತ ಆ ಅಂಗಡಿಯ ಬಾಗಿಲಿಗೆ ಯಾಕೆ ಬಂದ ಎಂಬುದು ಓದುಗನಿಗೆ ತಿಳಿಯುವುದೇ ಇಲ್ಲ. ಅಂಗಡಿಯವನ ಫೋಟೋ ತೆಗೆದು, ನಾಲ್ಕು ಮಾತು ಕೇಳಿ, ‘ಶೂನ್ಯದಿಂದ ಶಿಖರಕ್ಕೆ’ ಅಂತ ತಲೆಬರಹ ಕೊಟ್ಟರೆ ವರದಿ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ತಾಲ್ಲೂಕು ಕಚೇರಿಗೆ ಹೋಗಿ ಆ ಬೀದಿಯ ಮಳಿಗೆಗಳ ಕಡತ ಕೇಳಲು ಒಂದು ವಾರ ಹಿಡಿಯುತ್ತದೆ. ಆ ಒಂದು ವಾರ ಕೊಡದಿದ್ದರೆ ನಾವು ಬರೆಯುವುದು ಹೊಗಳಿಕೆಯಾಗುತ್ತದೆ, ಇಲ್ಲವೇ ಯಾರೋ ಎತ್ತಿಕೊಳ್ಳುವ ಕಲ್ಲಾಗುತ್ತದೆ.