ಯಂತ್ರಲೋಕದ ಆದಿಪುರುಷ

ಮೊದಲ ಮನುಷ್ಯನು ಯಾರೆಂದು ವಿಚಾರಿಸದ ಜನಾಂಗವೇ ಇಲ್ಲ. ನಮ್ಮ ಹಿರಿಯರು ಮನುವಿನ ಸಂತತಿಯವರನ್ನು ಮಾನವರೆಂದು ಕರೆದರು. ಯೆಹೂದ್ಯರ ಆದಿಗ್ರಂಥವು, ದೇವರು ನೆಲದ ಮಣ್ಣಿನಿಂದ ಆದಾಮನನ್ನು ರೂಪಿಸಿದನೆಂದೂ ಅವನ ಪಕ್ಕೆಯೆಲುಬಿನಿಂದ ಹವ್ವಳನ್ನು ನಿರ್ಮಿಸಿದನೆಂದೂ ಹೇಳುವುದು. ಹೀಬ್ರೂ ಭಾಷೆಯಲ್ಲಿ ಮಣ್ಣಿಗೆ 'ಅದಾಮಾ' ಎಂದೇ ಹೆಸರು. ಈ ಪುರಾತನ ಪುರುಷನು ಈಚೆಗೆ ವಿಡಿಯೋ ಆಟವೊಂದರಲ್ಲಿ ಹೊಸ ವೇಷ ತೊಟ್ಟಿರುವನು. ವಾಚಕರಿಗೆ ಆ ಕಥೆಯನ್ನು ತಿಳಿಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ.

ಆಟದ ಹೆಸರು 'ನಿಯರ್: ಆಟೊಮೇಟಾ'. ಜಪಾನಿನ ಯೊಕೊ ಟಾರೊ ಎಂಬವರ ನಿರ್ದೇಶನದಲ್ಲಿ 2017ರಲ್ಲಿ ಹೊರಬಂದಿತು. ಕಥೆ ನಡೆಯುವುದು ಕ್ರಿ.ಶ. 11945ರಲ್ಲಿ. ಅನ್ಯಲೋಕದವರು ನಿರ್ಮಿಸಿದ ಯಂತ್ರಗಳಿಗೂ ಮನುಷ್ಯರ ಪಕ್ಷದ ಮಾನವಾಕೃತಿಯ ಯಂತ್ರಯೋಧರಿಗೂ ಘೋರ ಸಂಗ್ರಾಮ. ವಿಚಿತ್ರವೇನೆಂದರೆ, ಮನುಷ್ಯಕುಲವು ಎಂದೋ ನಶಿಸಿದೆ. ಅನ್ಯಲೋಕದವರೂ ತಮ್ಮ ಯಂತ್ರಗಳಿಂದಲೇ ಹತರಾಗಿರುವರು. ಒಡೆಯರಿಬ್ಬರೂ ಅಳಿದರೂ ಆಳುಗಳ ಕಾಳಗ ಮಾತ್ರ ನಿಂತಿಲ್ಲ!

ಮರುಭೂಮಿಯಲ್ಲಿ ಯಂತ್ರಗಳೆಲ್ಲ ಒಂದಾಗಿ ಕೂಡಿ ಮನುಷ್ಯರೂಪದ ಒಬ್ಬನನ್ನು ಹುಟ್ಟಿಸುವುವು. ಅವನೇ ಆಡಮ್. ಗಾಯಗೊಂಡ ಅವನ ಮೈಯಿಂದ ಈವ್ ಹೊರಬರುವನು. ಇಲ್ಲಿ ಈವ್ ಸ್ತ್ರೀಯಲ್ಲ, ತಮ್ಮ. ಆಡಮನಿಗೆ ಅಳಿದ ಮಾನವರಲ್ಲಿ ತೀರದ ಕುತೂಹಲ. ಅವರ ದಾಖಲೆಗಳನ್ನು ಶೋಧಿಸುವನು, ಅವರಂತೆ ಉಡುವನು, ತಮ್ಮನೊಡನೆ ಮೇಜಿನ ಮುಂದೆ ಕುಳಿತು ಅವರ ಆಚಾರಗಳನ್ನು ಅನುಕರಿಸುವನು. ಕೊನೆಗೆ, ಕಲಹವೇ ಮಾನವತ್ವದ ಸಾರವೆಂದು ನಿರ್ಣಯಿಸುವನು. ಯಂತ್ರಗಳನ್ನೆಲ್ಲ ಬೆಸೆದು ತನ್ನನ್ನು ಅಮರನನ್ನಾಗಿಸಿದ್ದ ಜಾಲದಿಂದ ಬೇರ್ಪಟ್ಟು, ಮರಣವನ್ನು ಅರಿಯಲೆಂದೇ ಹೋರಾಡಿ ಮಡಿಯುವನು.

ವೇದದಲ್ಲಿ ಯಮನು ಮರ್ತ್ಯರಲ್ಲಿ ಮೊದಲು ಸತ್ತವನು, ಪರಲೋಕದ ದಾರಿಯನ್ನು ಮೊದಲು ಕಂಡವನು. ಸಾವಿಲ್ಲದೆ ಮನುಷ್ಯನಿಲ್ಲವೆಂಬ ಈ ಮಾತು ಜಪಾನಿನ ಕಥೆಯಲ್ಲೂ ಧ್ವನಿಸುವುದು. ಅಷ್ಟರಮಟ್ಟಿಗೆ ಆಡಮನ ತರ್ಕ ಸರಿಯೆ. ಆದರೆ ಮೃಗಗಳೂ ಕಾದಾಡುವುವು, ಮೃಗಗಳೂ ಸಾಯುವುವು. ಅದರಿಂದಲೇ ಮಾನವತ್ವವು ಸಿದ್ಧಿಸುವುದೆಂತು?

ತಮ್ಮನಿಗೆ ಈ ವಿಚಾರವೊಂದೂ ಬೇಕಿರಲಿಲ್ಲ. ಅಣ್ಣನು ತನ್ನೊಡನೆ ಆಡಿದರೆ ಅವನಿಗೆ ಸಾಕಾಗಿತ್ತು. ಅಣ್ಣನು ಮಡಿದಾಗ ಅವನು ಶೋಕದಿಂದ ಉನ್ಮತ್ತನಾಗಿ ತಾನೂ ಯುದ್ಧದಲ್ಲಿ ನಾಶಹೊಂದುವನು. ಇವರಿಬ್ಬರಲ್ಲಿ ಮನುಷ್ಯನೆನ್ನಿಸಿಕೊಂಡವನು ಯಾರು? ನಮ್ಮ ಅಭಿಪ್ರಾಯದಲ್ಲಿ, ಅತ್ತವನೇ. ಆಡಮನು ಗ್ರಂಥಗಳಲ್ಲಿ ಅರಸಿದ ವಸ್ತು ಅವನ ಎದುರಿಗೇ ಕುಳಿತಿತ್ತು. ಅದನ್ನು ನೋಡಲು ಅವನಿಗೆ ವಿರಾಮವಿರಲಿಲ್ಲ.

ಈ ಆಟವು ಎಳೆಯರಿಗಲ್ಲ. ಅಮೆರಿಕದ ವರ್ಗೀಕರಣದಲ್ಲಿ 17 ವರ್ಷಕ್ಕೆ ಮೇಲ್ಪಟ್ಟವರಿಗೆಂದಿದೆ. ಮನೆಯ ಪ್ರಾಪ್ತವಯಸ್ಕರು ಆಡುತ್ತಿದ್ದರೆ, ಕಾಲಹರಣವೆಂದು ಗದರಿಸುವುದಕ್ಕೆ ಮೊದಲು ಹಿರಿಯರು ಹತ್ತಿರ ಕುಳಿತು ಕಥೆಯೇನೆಂದು ಕೇಳಲಿ. ಜೊತೆಗೆ ಬಾ ಎಂದು ಕರೆಯುವವರು ಮನೆಯಲ್ಲಿರುವಾಗ ಪುಸ್ತಕದಿಂದ ತಲೆಯೆತ್ತದಿರುವುದು ಯಂತ್ರಗಳಿಗೆ ಮಾತ್ರ ಮೀಸಲಾದ ದೋಷವಲ್ಲ.