ದಿಲ್ಲಿಗೆ ಹಾಕಿದ ಪ್ರಶ್ನೆ ವಿಧಾನಸೌಧಕ್ಕೂ

ಹದಿನೈದನೇ ಹಣಕಾಸು ಆಯೋಗ ಕೇಂದ್ರ ತೆರಿಗೆಯಲ್ಲಿ ಕರ್ನಾಟಕದ ಪಾಲನ್ನು ಶೇ 4.713ರಿಂದ ಶೇ 3.647ಕ್ಕೆ ಇಳಿಸಿತು. 2024ರ ಫೆಬ್ರುವರಿಯಲ್ಲಿ ಮುಖ್ಯಮಂತ್ರಿ, ಸಚಿವರು ದಿಲ್ಲಿಗೆ ಹೋಗಿ ಜಂತರ್ ಮಂತರ್‌ನಲ್ಲಿ ಧರಣಿ ಕುಳಿತರು. ನಮ್ಮ ಪಾಲು ನಮಗೆ ಕೊಡಿ ಎಂಬ ವಾದ ನ್ಯಾಯವಾದದ್ದೇ. ಅದನ್ನೇ ಗ್ರಾಮ ಪಂಚಾಯಿತಿ ಅಧ್ಯಕ್ಷೆಯೊಬ್ಬರು ವಿಧಾನಸೌಧದ ಮುಂದೆ ಮಂಡಿಸಿದರೆ ಸರ್ಕಾರ ಏನು ಹೇಳೀತು?

ಒಕ್ಕೂಟ ಎಂದೊಡನೆ ನಮಗೆ ಕಾಣುವುದು ಕೇಂದ್ರ ಮತ್ತು ರಾಜ್ಯ. ಸ್ಥಳೀಯ ಸರ್ಕಾರಕ್ಕೆ ಸಂವಿಧಾನದಲ್ಲಿ ಗಟ್ಟಿ ಜಾಗ ಸಿಕ್ಕಿದ್ದು 1993ರಲ್ಲಿ ಜಾರಿಗೆ ಬಂದ 73 ಮತ್ತು 74ನೇ ತಿದ್ದುಪಡಿಗಳಿಂದ. ಐದು ವರ್ಷಕ್ಕೊಮ್ಮೆ ಚುನಾವಣೆ, ಮೀಸಲಾತಿ, ರಾಜ್ಯ ಚುನಾವಣಾ ಆಯೋಗ ಇವೆಲ್ಲ ಕಡ್ಡಾಯವಾದವು. ಆದರೆ ಅಧಿಕಾರವನ್ನು ಎಷ್ಟು ಬಿಟ್ಟುಕೊಡಬೇಕು ಎಂಬ ತೀರ್ಮಾನ ರಾಜ್ಯದ ಶಾಸಕಾಂಗಕ್ಕೇ ಉಳಿಯಿತು. 11ನೇ ಅನುಸೂಚಿಯಲ್ಲಿ ಕುಡಿಯುವ ನೀರು, ಶಾಲೆ, ಕೃಷಿ ಸೇರಿ 29 ವಿಷಯಗಳಿವೆ. ರಾಜ್ಯ ವಹಿಸಿಕೊಡದೆ ಅವು ಪಂಚಾಯಿತಿಯ ಕೈಗೆ ಬರುವುದಿಲ್ಲ. ಊರಿನ ಬೋರ್‌ವೆಲ್ ಮೋಟಾರು ಕೆಟ್ಟರೆ ನೀರುಗಂಟಿಯನ್ನು ಕಳಿಸುವುದು ಪಂಚಾಯಿತಿ. ಬಹುಗ್ರಾಮ ಯೋಜನೆಯ ನೀರು ನಿಂತರೆ ಇಲಾಖೆಯ ಎಂಜಿನಿಯರ್‌ಗೆ ಫೋನ್ ಮಾಡಿ ಕಾಯಬೇಕು. ಬೈಗುಳ ಮಾತ್ರ ಎರಡಕ್ಕೂ ಸದಸ್ಯರಿಗೇ.

ಬೇರೆ ದಾರಿ ಇರಲಿಲ್ಲವೆಂದಲ್ಲ. ಕರ್ನಾಟಕದಲ್ಲೇ ಆಗಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್ ಅವರ ಮುತುವರ್ಜಿಯಿಂದ ರೂಪುಗೊಂಡ 1983ರ ಕಾಯ್ದೆಯಂತೆ 1987ರಲ್ಲಿ ಚುನಾವಣೆ ನಡೆದಾಗ, ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ದರ್ಜೆ ಸಚಿವರ ಸ್ಥಾನಮಾನವಿತ್ತು. ಮಹಿಳೆಯರಿಗೆ ಶೇ 25 ಮೀಸಲಾತಿಯೂ ಇತ್ತು, ಸಂವಿಧಾನ ತಿದ್ದುಪಡಿಗಿಂತ ಮೊದಲೇ. ಆ ರಾಜ್ಯವೇ ಈಗ ಹಿಂದೆ ಸರಿದಿರುವುದು ಬೇಸರದ ಸಂಗತಿ. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ಕ್ಷೇತ್ರ ಮರುವಿಂಗಡಣೆ, ಮೀಸಲಾತಿ, ನ್ಯಾಯಾಲಯದ ವ್ಯಾಜ್ಯ ಎನ್ನುತ್ತ ವರ್ಷಗಳು ಉರುಳಿದವು. ಚುನಾಯಿತರು ಕೂರಬೇಕಾದಲ್ಲಿ ಆಡಳಿತಾಧಿಕಾರಿಗಳು ಕೂತರು. ಅಧಿಕಾರಿ ಸಮರ್ಥನೇ ಇರಬಹುದು. ಆದರೆ ಅವನು ಉತ್ತರ ಕೊಡುವುದು ಮೇಲಿನವರಿಗೆ, ಮತ ಹಾಕಿದವರಿಗಲ್ಲ.

ಪಂಚಾಯಿತಿಗಳಲ್ಲೂ ಭ್ರಷ್ಟಾಚಾರವಿದೆ ಎಂಬ ಆಕ್ಷೇಪ ನಿಜ. ಆದರೆ ಆ ಕಾರಣಕ್ಕೆ ಯಾರೂ ವಿಧಾನಸಭೆ ಚುನಾವಣೆಯನ್ನು ಮುಂದೂಡಿಲ್ಲ. ಅಸಲಿ ಅಡ್ಡಿ ಬೇರೆ. ಚರಂಡಿ, ರಸ್ತೆಗೆ ತಾನೇ ಭೂಮಿಪೂಜೆ ಮಾಡಬೇಕೆನ್ನುವ ಶಾಸಕನಿಗೆ ಜಿಲ್ಲಾ ಪಂಚಾಯಿತಿ ಸದಸ್ಯ ಎದುರಾಳಿಯಾಗಿ ಕಾಣುತ್ತಾನೆ. ನಾಳೆ ಟಿಕೆಟ್ ಕೇಳುವವನೂ ಅವನೇ. ಇದರಲ್ಲಿ ಪಕ್ಷಭೇದ ಹುಡುಕುವುದು ವ್ಯರ್ಥ: ಅವಧಿ ಮುಗಿದಾಗ ಇದ್ದದ್ದು ಬಿಜೆಪಿ ಸರ್ಕಾರ, 2023ರಲ್ಲಿ ಬಂದದ್ದು ಕಾಂಗ್ರೆಸ್, ಚುನಾವಣೆಗೆ ಅವಸರ ಇಬ್ಬರಿಗೂ ಇರಲಿಲ್ಲ.