ಲೂಸಿಲ್‌ಳ ರಾಜ

ಪಿಕ್ಚರ್‌ನಲ್ಲಿ ಹೀರೋ ಬೆಂಕಿಗೆ ನುಗ್ಗೋದು ಹೀರೋಯಿನ್‌ಗಾಗಿ. ಗಿಟಾರ್‌ಗಾಗಿ ನುಗ್ಗಿದವನ ಕಥೆ ಗೊತ್ತೇನ್ರೀ?

1949ರ ಚಳಿಗಾಲ. ಅಮೆರಿಕದ ಟ್ವಿಸ್ಟ್ ಎಂಬ ಹಳ್ಳಿ. ಕುಣಿತದ ಮನೆಯಲ್ಲಿ ಚಳಿ ಕಾಯಿಸಲು ಸೀಮೆಎಣ್ಣೆ ಉರಿಸಿದ್ರು. ಇಬ್ಬರು ಬಡಿದಾಡಿ ಅದನ್ನ ಉರುಳಿಸಿಬಿಟ್ರು! ಹೊರಗೋಡಿದ ಬ್ಲೂಸ್ ಹಾಡುಗಾರ ಬಿ.ಬಿ. ಕಿಂಗ್ ಗಿಟಾರ್ ತರಲು ಮತ್ತೆ ಒಳಗೆ ನುಗ್ಗಿದ. ಜಗಳ ಲೂಸಿಲ್ ಎಂಬ ಹೆಣ್ಣಿಗಾಗಿ ಅಂತ ಆಮೇಲೆ ತಿಳೀತು. ಇಂಥ ಹುಚ್ಚಾಟ ಮತ್ತೆ ಬೇಡವೆಂದು ಗಿಟಾರ್‌ಗೆ ಅದೇ ಹೆಸರಿಟ್ಟ. ನಂತರ ಬಂದವೂ ಲೂಸಿಲ್‌ಗಳೇ!

ಮಿಸಿಸಿಪ್ಪಿಯ ಹತ್ತಿ ಹೊಲದಲ್ಲಿ ದುಡಿದವನು. 1956ರಲ್ಲಿ 342 ಕಾರ್ಯಕ್ರಮ ಕೊಟ್ಟ. ಹಾಡುವಾಗ ನುಡಿಸ್ತಿರಲಿಲ್ಲ, ಅವನು ಬಾಯಿ ಮುಚ್ಚಿದ ಮೇಲೆ ಅವಳ ಸರದಿ. ಒಂದೇ ತಂತಿ ಒತ್ತಿ ನಡುಗಿಸಿದರೆ ಅಳು ಕೇಳಿಸ್ತದೆ.

2015ರ ಮೇ 14ರಂದು, 89ನೇ ವಯಸ್ಸಿನಲ್ಲಿ ಕಿಂಗ್ ತೀರಿಕೊಂಡ. ಆ ವರ್ಷ ನಾನು ಪಿಯುಸಿ ಬಿಟ್ಟು, ಅಪ್ಪನ ಮುಖ ತಪ್ಪಿಸಿ ತಿರುಗ್ತಿದ್ದೆ. ಗೆಳೆಯನ ಮೊಬೈಲಿನಲ್ಲಿ ‘ದಿ ಥ್ರಿಲ್ ಈಸ್ ಗಾನ್’ ಕೇಳಿದೆ. ಇಂಗ್ಲಿಷ್ ಅರ್ಥವಾಗಲಿಲ್ಲ, ಗಿಟಾರ್ ಅರ್ಥವಾಯ್ತು. ಆ ರಾತ್ರಿಯೇ ಕೂತು ಬರೆದದ್ದು ನನ್ನ ಮೊದಲ ಲೇಖನ.

ಗೆಳೆಯರೇ, ಬೆಂಕಿಗೆ ನುಗ್ಗಬೇಡಿ. ಆದರೆ ನುಗ್ಗುವಷ್ಟು ಪ್ರೀತಿ ಯಾವುದರ ಮೇಲಿದೆ ಅಂತ, ಬಸ್ ಹೊರಡೋ ಮುಂಚೆ ಒಮ್ಮೆ ಕೇಳಿಕೊಳ್ಳಿ.